ಪುಲಿಗೆರೆಯ ಹಾದಿಯಲ್ಲಿ ಕಳುವಾದ ಔಷಧಿಯ ಚೀಲ

ಗದಗ-ಬೆಟಗೇರಿ ಎಂಬುದು ಅವಳಿ ಊರು. ಗದಗಿಗೆ ತ್ರಿಕೂಟೇಶ್ವರ, ವೀರನಾರಾಯಣ, ತೋಂಟದಾರ್ಯ ಮಠ, ವೀರೇಶ್ವರ ಪುಣ್ಯಾಶ್ರಮ. ಬೆಟಗೇರಿಗೆ ಮಗ್ಗಗಳ ಸಪ್ಪಳ ಮತ್ತು ವೀರಗಲ್ಲುಗಳು. ಅಲ್ಲಿಂದ ದಕ್ಷಿಣಕ್ಕೆ, ಬಾಲಲೀಲಾ ಮಹಾಂತ ಶಿವಯೋಗಿಗಳ ಮುಳಗುಂದವನ್ನು ಹಾದು ಸುಮಾರು 40 ಕಿ.ಮೀ. ಸಾಗಿದರೆ ಲಕ್ಷ್ಮೇಶ್ವರ. ಇದೇ ಹಿಂದಿನ ಪುಲಿಗೆರೆ. ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡವೆಂದು ಆದಿಕವಿ ಪಂಪ ಹೆಮ್ಮೆಪಟ್ಟ ಊರು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯ ಶರಣರು ಸೋಮನಾಥನನ್ನು ಇಲ್ಲಿಗೆ ಕರೆತಂದರೆಂದು ಹರಿಹರನ ರಗಳೆಯೂ ರಾಘವಾಂಕನ ಸೋಮನಾಥ ಚರಿತೆಯೂ ಹೇಳುತ್ತವೆ. ನಂದಿಯನ್ನೇರಿ ಕುಳಿತ ಶಿವಪಾರ್ವತಿಯರ ಆ ಮೂರ್ತಿಯನ್ನು ನೋಡಬೇಕೆಂಬ ಬಯಕೆಯಿಂದ ಬೆಟಗೇರಿಯ ಕೆಲವು ಭಕ್ತ ಕುಟುಂಬಗಳೊಡನೆ ನಾವು ಕಳೆದ ಬೇಸಿಗೆಯಲ್ಲಿ ಹೊರಟೆವು. ಲಕ್ಷ್ಮೇಶ್ವರದ ತರುವಾಯ ಶಿರಹಟ್ಟಿಯ ಫಕೀರೇಶ್ವರರ ಗದ್ದುಗೆ, ಕಡೆಗೆ ಮುಂಡರಗಿಯ ಅನ್ನದಾನೀಶ್ವರ ಮಠ. ಎರಡು ದಿನಗಳ ಪಯಣ.

ಬಸ್ಸು ತುಂಬಿ ತುಳುಕುತ್ತಿತ್ತು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ತಾಯಂದಿರು ದೇವರ ದರ್ಶನಕ್ಕೆ ಹೊರಡುವುದು ಹೆಚ್ಚಾಗಿದೆ. ಅದು ಸಂತೋಷದ ಸಂಗತಿಯೇ. ಆದರೆ ಜನಸಂದಣಿ ಇದ್ದಲ್ಲಿ ಕೈಚಳಕದವರೂ ಇರುತ್ತಾರೆ. ಸೋಮೇಶ್ವರನ ಅಂಗಳದಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ನಮ್ಮೊಡನಿದ್ದ ಅರವತ್ತರ ಹರೆಯದ ತಾಯಿಯೊಬ್ಬರು ಹೆಗಲು ಮುಟ್ಟಿ ನೋಡಿಕೊಂಡು ಗಾಬರಿಯಾದರು.

“ಅಜ್ಜಾರ, ನನ್ನ ಗುಳಿಗಿ ಚೀಲ ಹೋತ್ರೀ. ರೊಕ್ಕ ಹೋದ್ರ ಹೋಗ್ಲಿ, ಹುಡುಗನ ರಾತ್ರಿ ಗುಳಿಗಿ ಅದರಾಗ ಇತ್ರೀ!”

ಚೀಲದಲ್ಲಿ ಏನೇನಿತ್ತು ಎಂದು ಕೇಳಿ ಒಂದು ಕಾಗದದ ಮೇಲೆ ಬರೆಸಿದೆವು. ಅವರ ಸಕ್ಕರೆ ಕಾಯಿಲೆಯ ಇನ್ಸುಲಿನ್ ಸೀಸೆ ಮತ್ತು ಸೂಜಿಗಳು, ರಕ್ತದೊತ್ತಡಕ್ಕೆಂದು ನುಂಗುವ ಮೆಟೊಪ್ರೊಲಾಲ್, ಥೈರಾಯ್ಡಿನ ಗುಳಿಗೆ, ನಿದ್ರೆ ಬಾರದಿದ್ದರೆ ಎಂದು ಇಟ್ಟುಕೊಂಡ ಆಲ್‌ಪ್ರಜೋಲಾಮ್‌ನ ಒಂದು ಪಟ್ಟಿ, ಹಾಗೂ ಹದಿನಾರು ವರ್ಷದ ಮೊಮ್ಮಗ ಫಿಟ್ಸ್ ಬಾರದಂತೆ ದಿನಕ್ಕೆರಡು ಸಲ ತೆಗೆದುಕೊಳ್ಳುವ ಗುಳಿಗೆ. ವೈದ್ಯರ ಚೀಟಿಗಳೂ ಅದೇ ಚೀಲದಲ್ಲಿದ್ದವು. ಕಳ್ಳನಿಗೆ ಸಿಕ್ಕ ನಗದು ಇನ್ನೂರು ರೂಪಾಯಿಯೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಜನ ಮೊದಲು ಕಳ್ಳನನ್ನು ಹುಡುಕಲು ಓಡುತ್ತಾರೆ. ನಮ್ಮ ತಂಡದ ಇಬ್ಬರು ತರುಣರು ಆಗಲೇ ಬಸ್ ನಿಲ್ದಾಣದ ಕಡೆಗೆ ಹೊರಟಿದ್ದರು. ಅವರನ್ನು ತಡೆದು ಕೂರಿಸಿದೆವು. ಹಣ ಕಳುವಾದರೆ ನಷ್ಟವನ್ನು ರೂಪಾಯಿಯಲ್ಲಿ ಎಣಿಸಬಹುದು, ಔಷಧಿ ಕಳುವಾದರೆ ಗಂಟೆಗಳಲ್ಲಿ ಎಣಿಸಬೇಕು. ಆಗ ಮಧ್ಯಾಹ್ನ ಎರಡು ಗಂಟೆ. ಹುಡುಗನ ಗುಳಿಗೆಯ ಹೊತ್ತು ರಾತ್ರಿ ಎಂಟು, ತಾಯಿಯ ಇನ್ಸುಲಿನ್ ರಾತ್ರಿಯ ಪ್ರಸಾದಕ್ಕೆ ಮುಂಚೆ. ನಮ್ಮ ಕೈಯಲ್ಲಿ ಇದ್ದದ್ದು ಆರು ತಾಸು.

ಕಳೆದುಹೋದ ಔಷಧಿಗಳೆಲ್ಲ ಒಂದೇ ತೂಕದವಲ್ಲವೆಂಬುದನ್ನು ಓದುಗರು ಗಮನಿಸಬೇಕು. ಥೈರಾಯ್ಡಿನ ಗುಳಿಗೆ ದೇಹದಲ್ಲಿ ಬಹುದಿನ ಉಳಿಯುವಂಥದು, ಒಂದೆರಡು ದಿನ ತಪ್ಪಿದರೆ ಅಪಾಯವಿಲ್ಲ. ಫಿಟ್ಸಿನ ಗುಳಿಗೆ ಹಾಗಲ್ಲ. ಒಂದೆರಡು ಹೊತ್ತು ತಪ್ಪಿದರೂ, ವರ್ಷಗಳಿಂದ ಬಾರದಿದ್ದ ಫಿಟ್ಸ್ ಮರಳಿ ಬರಬಹುದು, ಬಂದದ್ದು ನಿಲ್ಲದೆಯೂ ಹೋಗಬಹುದು. ಇನ್ಸುಲಿನ್ ನಿಂತರೆ ಸಕ್ಕರೆ ಏರುತ್ತ ಹೋಗುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ಗುಳಿಗೆಗಳನ್ನು ಥಟ್ಟನೆ ಬಿಟ್ಟರೆ ಹೃದಯದ ಬಡಿತವೂ ಒತ್ತಡವೂ ಹಿಂದಿಗಿಂತ ಮೇಲೆ ಜಿಗಿಯುವುದುಂಟು. ಬಹುದಿನ ಸೇವಿಸುತ್ತಿರುವ ಸ್ಟೆರಾಯ್ಡ್ ಗುಳಿಗೆಗಳು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ರಕ್ತ ತಿಳಿಗೊಳಿಸುವ ಗುಳಿಗೆಗಳು, ಮನೋರೋಗದ ಔಷಧಿಗಳು ಇವೂ ತಟಕ್ಕನೆ ನಿಲ್ಲಿಸಬಾರದವುಗಳ ಸಾಲಿನವೇ. ನಮ್ಮ ಮನೆಯ ಔಷಧಿಗಳಲ್ಲಿ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದಿರುವುದು ಒಳ್ಳೆಯದು. ಚೀಲ ಹೋದ ಮೇಲೆ ಕೇಳಲು ಕೂತರೆ ಹೊತ್ತು ಮೀರುತ್ತದೆ.

ಪೇಟೆಯ ಔಷಧದ ಅಂಗಡಿಯವರು ಸಜ್ಜನರು; ಕುಡಿಯಲು ನೀರು ಕೊಟ್ಟು ಕೂರಿಸಿದರು, ಆದರೆ ಚೀಟಿಯಿಲ್ಲದೆ ಗುಳಿಗೆ ಕೊಡಲಾರೆವೆಂದರು. ತರುಣರಿಗೆ ಸಿಟ್ಟು ಬಂತು. ನಮಗೆ ಅದು ಸರಿಯೆನಿಸಿತು. 1940ರ ಔಷಧ ಕಾಯಿದೆಯ ನಿಯಮಗಳಂತೆ ‘ಎಚ್’ ಪಟ್ಟಿಯ ಔಷಧಿಗೆ ವೈದ್ಯರ ಚೀಟಿ ಬೇಕು. 2014ರಿಂದ ಜಾರಿಯಲ್ಲಿರುವ ‘ಎಚ್-1’ ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಟ್ರಮಡಾಲ್ ಮೊದಲಾದವುಗಳ ಜೊತೆಗೆ ಕ್ಷಯದ ಔಷಧಿಗಳೂ ಇವೆ. ಅವುಗಳನ್ನು ಕೊಟ್ಟಾಗ ರೋಗಿಯ ಮತ್ತು ವೈದ್ಯರ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕಳ್ಳನೂ ಒಬ್ಬ ಗಿರಾಕಿಯಾಗಿ ಬರಬಲ್ಲನೆಂಬ ಎಚ್ಚರ ಈ ನಿಯಮಗಳ ಹಿಂದೆ ಇದೆ.

ಅಂಗಡಿಯವರೇ ಒಂದು ದಾರಿ ತೋರಿದರು. “ಯಾವ ಅಂಗಡ್ಯಾಗ ತೊಗೋತೀರಿ? ಅಲ್ಲೆ ಬಿಲ್ ಇರತೈತಿ, ಕೇಳ್ರಿ” ಎಂದರು. ಬೆಟಗೇರಿಯ ಅಂಗಡಿಗೆ ಫೋನ್ ಮಾಡಿದೆವು. ಹತ್ತು ನಿಮಿಷದಲ್ಲಿ ಹಿಂದಿನ ತಿಂಗಳ ಬಿಲ್ಲಿನ ಚಿತ್ರ ವಾಟ್ಸ್‌ಆಪ್‌ನಲ್ಲಿ ಬಂತು. ಔಷಧಿಯ ಹೆಸರು, ಪ್ರಮಾಣ, ಬರೆದುಕೊಟ್ಟ ವೈದ್ಯರ ಹೆಸರು ಎಲ್ಲವೂ ಅದರಲ್ಲಿದ್ದವು. ಮನೆಯಲ್ಲಿದ್ದ ಸೊಸೆ ಕಸದ ಬುಟ್ಟಿಯಿಂದ ಹುಡುಗನ ಗುಳಿಗೆಯ ಖಾಲಿ ಪಟ್ಟಿಯನ್ನು ಎತ್ತಿ ಅದರ ಚಿತ್ರವನ್ನೂ ಕಳುಹಿಸಿದಳು. ಜಾಣ ಹೆಣ್ಣುಮಗಳು! ಫಿಟ್ಸಿನ ಔಷಧಿಯಲ್ಲಿ ಆದಷ್ಟು ಅದೇ ಕಂಪನಿಯದನ್ನೇ ಮುಂದುವರಿಸುವುದು ಲೇಸೆಂದು ವೈದ್ಯರು ಹೇಳುತ್ತಾರೆ; ಆ ಖಾಲಿ ಪಟ್ಟಿ ಅದಕ್ಕೆ ನೆರವಾಯಿತು.

ಇವೆರಡನ್ನು ಹಿಡಿದು ಸರಕಾರಿ ದವಾಖಾನೆಗೆ ಹೋದೆವು. ಅಲ್ಲಿದ್ದ ವೈದ್ಯೆ ಹುಡುಗನನ್ನೂ ತಾಯಿಯನ್ನೂ ಪರೀಕ್ಷಿಸಿ, ಗದಗಿನ ವೈದ್ಯರೊಡನೆ ಫೋನಿನಲ್ಲಿ ಮಾತಾಡಿ, ಐದು ದಿನಕ್ಕೆ ಸಾಕಾಗುವಷ್ಟು ಬರೆದುಕೊಟ್ಟರು. ನಿದ್ರೆಯ ಗುಳಿಗೆಯನ್ನು ಮಾತ್ರ ಬರೆಯಲಿಲ್ಲ. ಎಂದಾದರೊಮ್ಮೆ ನುಂಗುವವರಿಗೆ ಅದು ತಪ್ಪಿದರೆ ಕೇಡಿಲ್ಲವೆಂದರು. ದವಾಖಾನೆ ದೂರವಿದ್ದವರು ತಮ್ಮ ವೈದ್ಯರಿಗೇ ಫೋನ್ ಮಾಡಬಹುದು. 2020ರ ಮಾರ್ಚ್ ತಿಂಗಳಲ್ಲಿ ಬಂದ ದೂರವೈದ್ಯಕೀಯ ಮಾರ್ಗಸೂಚಿಯಂತೆ ಹಳೆಯ ರೋಗಿಗೆ, ಅದೇ ಕಾಯಿಲೆಗೆ, ಹಿಂದೆ ಕೊಡುತ್ತಿದ್ದ ಔಷಧಿಯನ್ನು ವೈದ್ಯರು ಫೋನಿನ ಮೂಲಕವೂ ಬರೆದು ಕಳುಹಿಸಬಹುದು. ಅಮಲು ತರುವ ಔಷಧಿಗಳಿಗೆ ಮಾತ್ರ ಆ ಮಾರ್ಗಸೂಚಿಯಲ್ಲಿ ಅವಕಾಶ ಕೊಟ್ಟಿರಲಿಲ್ಲ. ಕ್ಷಯದ ಔಷಧಿ ಕಳೆದುಕೊಂಡವರು ಅಂಗಡಿಗೆ ಅಲೆಯಬೇಕಿಲ್ಲ. ಅವರ ಹೆಸರು ನಿಕ್ಷಯ್ ದಾಖಲೆಯಲ್ಲಿರುತ್ತದೆ, ಸಮೀಪದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ತಿಳಿಸಬೇಕು.

ಇನ್ಸುಲಿನ್ ವಿಷಯದಲ್ಲಿ ಆ ವೈದ್ಯೆ ಹೇಳಿದ ಮಾತನ್ನು ಇಲ್ಲಿ ಬಿಡಿಸಿ ಬರೆಯುತ್ತೇವೆ, ಏಕೆಂದರೆ ಅವಸರದಲ್ಲಿ ಹೊಸದಾಗಿ ಕೊಳ್ಳುವವರು ಎಡವುವುದು ಇಲ್ಲಿಯೇ. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಗಾಢತೆಗಳಲ್ಲಿ ಸಿಗುತ್ತದೆ. ಸಾಮಾನ್ಯ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದರ ಸೂಜಿಗೆ ಕೆಂಪು ಮುಚ್ಚಳ. ಇನ್ನೊಂದರಲ್ಲಿ 100 ಯೂನಿಟ್. ಅದರ ಸೂಜಿಗೆ ಕಿತ್ತಳೆ ಮುಚ್ಚಳ. 100ರ ಸೀಸೆಯಿಂದ 40ರ ಸೂಜಿಗೆ ಎಳೆದುಕೊಂಡರೆ ಎರಡೂವರೆ ಪಟ್ಟು ಹೆಚ್ಚು ಔಷಧಿ ಮೈಸೇರಿ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ಸೀಸೆ ಮತ್ತು ಸೂಜಿಯ ಸಂಖ್ಯೆ ಒಂದೇ ಎಂದು ಕಣ್ಣಾರೆ ನೋಡಿಯೇ ಅಂಗಡಿಯ ಮೆಟ್ಟಿಲಿಳಿಯಬೇಕು.

ನಮ್ಮ ತಂಡದ ಹಿರಿಯರೊಬ್ಬರು ಸದುದ್ದೇಶದಿಂದಲೇ ತಮ್ಮ ಚೀಲ ತೆರೆದು, “ನಂದೂ ಸಕ್ರಿ ಗುಳಿಗಿನ ಐತಿ, ಎರಡು ತೊಗೋಳವಾ” ಎಂದಿದ್ದರು. ದಾಸೋಹದ ಗುಣ ನಮ್ಮವರಲ್ಲಿ ರಕ್ತಗತ. ಆದರೆ ಅನ್ನವನ್ನು ಹಂಚಿಕೊಂಡಂತೆ ಔಷಧಿಯನ್ನು ಹಂಚಿಕೊಳ್ಳಲಾಗದು. ಸಕ್ಕರೆಯ ಗುಳಿಗೆಗಳಲ್ಲಿಯೇ ಹಲವು ಜಾತಿ, ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರನ್ನು ನೆಲಕ್ಕೆ ಕೆಡವೀತು. ಹಾಗೆಯೇ ತಪ್ಪಿದ ಹೊತ್ತಿನದನ್ನೂ ಸೇರಿಸಿ ಎರಡು ಪಟ್ಟು ನುಂಗುವುದೂ ಸಲ್ಲದು.

ಸಂಜೆ ನಾಲ್ಕಕ್ಕೆ ಔಷಧಿ ಕೈಸೇರಿತು. ಆಮೇಲೆ ಠಾಣೆಗೆ ಹೋದೆವು. ಕೆಲವರು, ಹೋದದ್ದು ಹೋಯಿತು, ಗುಳಿಗೆಗೆಲ್ಲ ದೂರು ಯಾಕೆ ಎಂದರು. ದೂರು ಬೇಕು, ಮುಖ್ಯವಾಗಿ ಆ ನಿದ್ರೆಯ ಗುಳಿಗೆಯ ಸಲುವಾಗಿ. ಅದು ತಿಳಿಯದವರ ಕೈಗೆ, ಮಕ್ಕಳ ಕೈಗೆ ಬಿದ್ದರೆ ಅನಾಹುತ. ಚೀಟಿಯ ಮೇಲೆ ರೋಗಿಯ ಹೆಸರಿರುತ್ತದೆ. ನಾಳೆ ಅದೇ ಚೀಟಿಯಿಂದ ಬೇರೊಬ್ಬರು ಕೊಂಡರೆ ಉತ್ತರಿಸಬೇಕಾದವರು ಯಾರು? ಮತ್ತೆ ಅಂಥದೇ ಗುಳಿಗೆ ಬೇಕಾದಾಗ ವೈದ್ಯರಿಗೆ ತೋರಿಸಲೂ ಆ ಬರಹ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಪ್ರಕರಣದಲ್ಲಿ ಪೊಲೀಸರು ಎಫ್.ಐ.ಆರ್. ಮಾಡದೆ, ವಿವರವನ್ನು ಪುಸ್ತಕದಲ್ಲಿ ಬರೆದುಕೊಂಡು ಸ್ವೀಕೃತಿ ಕೊಡಬಹುದು. ನಮ್ಮ ಚೀಲದ ಬೆಲೆ ಅಷ್ಟಿರಲಿಲ್ಲ. ಕಾನೂನು ಬೆಲೆಯನ್ನು ಅಂಗಡಿಯ ದರದಿಂದ ಅಳೆಯುತ್ತದೆ, ಒಬ್ಬ ಹುಡುಗನ ಒಂದು ರಾತ್ರಿಯಿಂದಲ್ಲ. ಇದು ನಮ್ಮ ಗೊಣಗು, ಇರಲಿ. ಸ್ವೀಕೃತಿಯನ್ನು ಪಡೆದು ಜೇಬಿಗಿಟ್ಟುಕೊಂಡೆವು.

ಹಸುಗಳನ್ನು ಹೊಡೆದುಕೊಂಡು ಹೋದ ಕಳ್ಳರಿಗೆ ಕರುಗಳನ್ನೂ ಕಳುಹಿಸಿಕೊಟ್ಟ ಬಸವಣ್ಣನವರ ಕಥೆಯನ್ನು ಒಬ್ಬರು ನೆನೆದರು. ಕಳ್ಳನ ಮೇಲೆ ನಮಗೂ ದ್ವೇಷವಿಲ್ಲ. ಅವನು ಆ ಸೀಸೆಯನ್ನು ಸೂಜಿಗೇರಿಸಿಕೊಂಡಾನು ಎಂಬ ಭಯ ಮಾತ್ರ ಇತ್ತು.

ಶಿರಹಟ್ಟಿಗೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಫಕೀರೇಶ್ವರರ ಮಠ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆ. ಪೀಠದ ಗುರುಗಳ ಹೆಸರಿನಲ್ಲಿಯೇ ಫಕೀರನೂ ಸಿದ್ಧರಾಮನೂ ಕೂಡಿದ್ದಾರೆ. ಅಲ್ಲಿ ಎಂಟಕ್ಕೆ ಹುಡುಗ ಗುಳಿಗೆ ನುಂಗಿದ, ಅಜ್ಜಿ ಸೂಜಿ ಚುಚ್ಚಿಕೊಂಡು ಪ್ರಸಾದಕ್ಕೆ ಕುಳಿತರು. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ರೈತರೊಬ್ಬರು ನಮ್ಮ ಕಥೆ ಕೇಳಿ, ಅಂಗಿಯೊಳಗಿನ ಬನಿಯನ್ನಿಗೆ ಹೊಲಿಸಿಕೊಂಡ ಜೇಬನ್ನು ತೋರಿಸಿದರು. ಮೂರು ದಿನದ ಗುಳಿಗೆ ಅಲ್ಲಿ, ಉಳಿದದ್ದು ಹೆಂಡತಿಯ ಸಂಚಿಯಲ್ಲಿ, ಚೀಟಿಯ ನಕಲು ಮಗನ ಫೋನಿನಲ್ಲಿ. ಜಾತ್ರೆ ತಿರುಗಿ ಪಳಗಿದ ಮನುಷ್ಯ. ಕಳ್ಳ ಒಬ್ಬರ ಚೀಲವನ್ನು ಒಯ್ದಾನು, ಮೂವರದನ್ನೂ ಒಯ್ಯಲಾರ. ಮಠಗಳ ಉತ್ಸವಕ್ಕೆ ಹೊರಡುವ ನಮ್ಮ ಮನೆಗಳು ಈ ರೂಢಿಯನ್ನು ಅನುಸರಿಸಲಿ ಎಂದು ನಮಗೆ ಬಹಳ ಅನಿಸಿದೆ.

ಮರುದಿನ ಶಿರಹಟ್ಟಿಯಿಂದ ಮುಂಡರಗಿಯ ಕಡೆಗೆ ಹೊರಟಾಗ ಕಪ್ಪತ್ತಗುಡ್ಡದ ಸಾಲು ಕಣ್ಣಿಗೆ ಬಿತ್ತು. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದರ ಉಳಿವಿಗಾಗಿ ತೋಂಟದಾರ್ಯ ಮಠದ ಸಿದ್ಧಲಿಂಗ ಮಹಾಸ್ವಾಮಿಗಳು ದನಿಯೆತ್ತಿದ್ದನ್ನು ಈ ಭಾಗದ ಜನ ಮರೆತಿಲ್ಲ. ಗುಡ್ಡ ಕಂಡೊಡನೆ ನಮ್ಮೊಡನಿದ್ದವರೊಬ್ಬರು, “ಇಷ್ಟು ಬೇರು ನಾರು ಕಣ್ಣೆದುರಿಗೇ ಇರುವಾಗ ಅಂಗಡಿ ಗುಳಿಗಿ ಯಾಕ ಬೇಕ್ರೀ?” ಎಂದರು. ಆಯುರ್ವೇದದಲ್ಲಿ ನಮಗೆ ಗೌರವವಿದೆ. ಮಠದಲ್ಲಿ ಓದುವಾಗ ಅದರ ಗ್ರಂಥಗಳನ್ನೂ ತಿರುವಿ ಹಾಕಿದ್ದೇವೆ. ವೈದ್ಯ ಸಂಗಣ್ಣನಂಥ ಶರಣರಿದ್ದ ಪರಂಪರೆ ನಮ್ಮದು. ಆದರೆ ವೈದ್ಯನಾದವನು ರೋಗಿಯ ನಾಡಿ ನೋಡಿ ಕೊಡುವುದು ಬೇರೆ, ನಡುದಾರಿಯಲ್ಲಿ ಔಷಧಿ ಕಳುವಾಯಿತೆಂದು ಕಂಡ ಬೇರನ್ನು ಇನ್ಸುಲಿನ್ನಿನ ಜಾಗದಲ್ಲಿ ನಿಲ್ಲಿಸುವುದು ಬೇರೆ. ಅದನ್ನು ಯಾವ ಆಯುರ್ವೇದ ಪಂಡಿತನೂ ಒಪ್ಪಲಾರ. ಸಾಲದ್ದಕ್ಕೆ ವನ್ಯಜೀವಿಧಾಮದಲ್ಲಿ ಗಿಡ ಕೀಳುವುದೂ ಅಪರಾಧ.

ಮುಂಡರಗಿಯಲ್ಲಿ ಅನ್ನದಾನೀಶ್ವರರ ದರ್ಶನ ಮುಗಿಸಿ ಹೊರಬರುವಾಗ ಲಕ್ಷ್ಮೇಶ್ವರದಿಂದ ಫೋನ್ ಬಂತು. ಚೀಲ ಸಿಕ್ಕಿತ್ತು, ಬಸ್ ನಿಲ್ದಾಣದ ಹಿಂದಿನ ಗಟಾರದ ಬದಿಯಲ್ಲಿ. ಹಣ ಇರಲಿಲ್ಲ, ಆಲ್‌ಪ್ರಜೋಲಾಮ್ ಪಟ್ಟಿಯೂ ಇರಲಿಲ್ಲ, ಉಳಿದದ್ದೆಲ್ಲ ಇತ್ತು. ತಾಯಿಗೆ ಹಿಗ್ಗು. ಆದರೆ ಬಿಸಿಲಿನಲ್ಲಿ ಒಂದು ದಿನ ಬೆಂದ ಇನ್ಸುಲಿನ್ ಕೆಲಸಕ್ಕೆ ಬಾರದು, ನೋಡಲು ತಿಳಿಯಾಗಿ ಕಂಡರೂ ಅದರ ಸತ್ವ ಹೋಗಿರುತ್ತದೆ. ಪರರ ಕೈಯಲ್ಲಿ ಓಡಾಡಿ ಬಂದ ಗುಳಿಗೆಗಳನ್ನೂ ನುಂಗಬಾರದು. ಠಾಣೆಯವರಿಗೆ ನಿದ್ರೆಯ ಗುಳಿಗೆ ಕಾಣೆಯಾದದ್ದನ್ನು ದೂರಿನಲ್ಲಿ ಸೇರಿಸಲು ಹೇಳಿ, ಔಷಧಿಗಳನ್ನು ಅಲ್ಲಿಯ ದವಾಖಾನೆಗೆ ಒಪ್ಪಿಸಿ ನಾಶಮಾಡಿಸಲು ಕೇಳಿಕೊಂಡೆವು. ಚೀಲವನ್ನೂ ಚೀಟಿಗಳನ್ನೂ ಮಾತ್ರ ತರಿಸಿಕೊಳ್ಳುವುದೆಂದಾಯಿತು. “ಚೀಲ ನಮ್ಮವ್ವ ಹೊಲಿದದ್ದು, ಅಜ್ಜಾರ” ಎಂದರು ಆ ತಾಯಿ. ಅಷ್ಟರಲ್ಲಿ ಡಂಬಳದ ಮೇಲೆ ಹಾಯ್ದು ಗದಗಿಗೆ ಹೋಗುವ ಬಸ್ಸು ಬಂದು ನಿಂತಿತು.