ನಾಯಿಗೂ ಸೂಟಿ ಬೇಕೆ?

ಏಪ್ರಿಲ್ ಬಂತೆಂದರೆ ವಿಜಯಪುರದ ಕಡೆ ಎರಡೇ ಮಾತು. ಒಂದು ಬಿಸಿಲಿನದು, ಇನ್ನೊಂದು ಸೂಟಿಯದು. ಪರೀಕ್ಷೆ ಮುಗಿಸಿದ ಮಕ್ಕಳು ಈ ಸಲವಾದರೂ ಸಮುದ್ರ ತೋರಿಸಿ ಎಂದು ಹಟ ಹಿಡಿಯುತ್ತಾರೆ. ಹಿಡಿಯುವುದು ಸಹಜವೇ. ಭೂತನಾಳದ ಹುಡುಗನಿಗೆ ಗೊತ್ತಿರುವ ದೊಡ್ಡ ನೀರೆಂದರೆ ಊರಿನ ಕೆರೆ. ವಿಜಯಪುರ ನಗರಕ್ಕೆ ಕುಡಿಯುವ ನೀರು ಕೊಟ್ಟ ಕೆರೆ ಅದು. ಸುತ್ತಲೂ ನೆಲ, ನಡುವೆ ನೀರು. ಇದು ತಿರುಗಾಮುರುಗಾ ಆಗಿ, ಸುತ್ತಲೂ ನೀರು, ನಡುವೆ ಅಂಗೈಯಗಲದ ನೆಲ ಇರುವ ಜಾಗವೂ ಉಂಟು ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ಅದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ತಪ್ಪಲ್ಲ.

ಅಪ್ಪ ರಜೆ ಹಾಕುತ್ತಾನೆ, ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಾಳೆ. ಎಲ್ಲ ಸಿದ್ಧವಾದ ಮೇಲೆ ಮನೆಯ ಚಿಕ್ಕ ಹುಡುಗ ಅಂಗಳದತ್ತ ನೋಡಿ ಕೇಳುವ ಪ್ರಶ್ನೆಯೇ ಕಷ್ಟದ್ದು: "ನಾಯೀನೂ ಕರ್ಕೊಂಡು ಹೋಗೋಣ?"

ತಿಕೋಟಾ, ಬಬಲೇಶ್ವರದ ಕಡೆ ತೋಟದ ವಸ್ತಿಗಳಲ್ಲಿ ನಾಯಿ ಇಲ್ಲದ ಅಂಗಳ ಕಡಿಮೆ. ದ್ರಾಕ್ಷಿ ತೋಟ ಕಾಯುವುದೂ ಅದೇ, ಶಾಲೆಯಿಂದ ಬಂದವರನ್ನು ಮೊದಲು ಎದುರುಗೊಳ್ಳುವುದೂ ಅದೇ. ಅದರಲ್ಲೂ ಮುಧೋಳ ನಾಯಿ ಈ ಸೀಮೆಯ ಹೆಮ್ಮೆ. ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ 1997ರ ತನಕ ಅದು ವಿಜಾಪುರ ಜಿಲ್ಲೆಯ ಊರೇ ಆಗಿತ್ತು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಉದ್ದ ಮೂತಿ, ಒಳಸರಿದ ಹೊಟ್ಟೆ, ನೀಳವಾದ ಕಾಲು: ಓಡಲೆಂದೇ ಎರಕ ಹೊಯ್ದ ದೇಹ. ವಾಸನೆಗಿಂತ ನೋಟವನ್ನು ನಂಬಿ ಬೇಟೆಯಾಡುವ ತಳಿ ಇದು. ದೂರದಲ್ಲಿ ಏನಾದರೂ ಚಲಿಸಿತೋ, ಒಡೆಯನ ಕೂಗು ಕಿವಿಗೆ ಬೀಳುವ ಮೊದಲೇ ಕಾಲು ಓಡಿರುತ್ತದೆ. ದ್ವೀಪದ ಮಾತು ಬಂದಾಗ ಈ ಗುಣ ನೆನಪಿನಲ್ಲಿರಬೇಕು.

ಕರ್ನಾಟಕದವರಿಗೆ ಕೈಗೆಟಕುವ ದ್ವೀಪಗಳ ಗುಂಪೆಂದರೆ ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಗಳು. ಭೂತನಾಳದಿಂದ ಮಲ್ಪೆಯ ಬಂದರಿಗೇ ನಾನೂರೈವತ್ತು ಕಿ.ಮೀ.ಗಿಂತ ಕಡಿಮೆಯಿಲ್ಲ. ರೈಲಿನಲ್ಲಿ ನಾಯಿಗೆ ಅವಕಾಶವಿದೆ. ಆದರೆ ಮೊದಲ ದರ್ಜೆಯ ಎ.ಸಿ. ಡಬ್ಬಿಯಲ್ಲಿ ಇಡೀ ಕೂಪೆ ಕಾಯ್ದಿರಿಸಿದವರು ಮಾತ್ರ ಅದನ್ನು ಜೊತೆಗಿಟ್ಟುಕೊಳ್ಳಬಹುದು. ಉಳಿದವರ ನಾಯಿ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಪಯಣಿಸಬೇಕು. ಸ್ಲೀಪರ್ ಡಬ್ಬಿಯಲ್ಲಿ ಸೀಟಿನ ಕೆಳಗೆ ಮಲಗಿಸಿ ಒಯ್ಯುತ್ತೇವೆ ಎಂಬ ಉಪಾಯ ನಡೆಯದು. ಬೇಸಿಗೆಯ ರಾತ್ರಿ, ಅಪರಿಚಿತ ಸದ್ದು, ಕತ್ತಲೆಯ ಪೆಟ್ಟಿಗೆ: ಪ್ರೀತಿಯಿಂದ ಕರೆದೊಯ್ಯುವ ಪ್ರಾಣಿಗೆ ಇದೆಂಥ ಸೂಟಿ ಎಂದು ಒಮ್ಮೆ ಯೋಚಿಸಬೇಕಾಗುತ್ತದೆ.

ಇರಲಿ, ಮಲ್ಪೆ ಮುಟ್ಟಿದರೆನ್ನೋಣ. ದ್ವೀಪದಲ್ಲಿ ಕಾಣುವುದು ಅದ್ಭುತವೇ. ನೆಲದಿಂದ ಎದ್ದ ಕಲ್ಲಿನ ಕಂಬಗಳು, ಅವುಗಳಲ್ಲಿ ಹಲವು ಆರು ಮೂಲೆಯವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ, ಕುಗ್ಗುತ್ತ ಬಿರುಕುಬಿಟ್ಟು ಹೀಗೆ ಕಂಬಗಳಾಯಿತು. ಕೆರೆಯ ಕೆಸರು ಒಣಗಿ ಬಿರಿಯುವುದನ್ನು ಭೂತನಾಳದ ಮಕ್ಕಳು ನೋಡಿಯೇ ಇರುತ್ತಾರೆ. ಅದೇ ಲೆಕ್ಕ, ಅಲ್ಲಿ ನೀರು ಹೋದದ್ದರಿಂದ, ಇಲ್ಲಿ ಶಾಖ ಹೋದದ್ದರಿಂದ. ಗೋಲ ಗುಮ್ಮಟ ಕಟ್ಟಿದ ಕರಿಗಲ್ಲೂ ಲಾವಾದಿಂದಲೇ ಆದದ್ದು, ಆದರೆ ಅದು ಎರಡು ಕೋಟಿ ವರ್ಷಗಳಷ್ಟು ಈಚಿನದು.

ಮನುಷ್ಯನಿಗೆ ಅದ್ಭುತವಾದದ್ದು ನಾಯಿಗೂ ಹಾಗೆಯೇ ಇರಬೇಕೆಂದಿಲ್ಲ. ನಾಯಿ ಮೈತುಂಬ ಬೆವರುವುದಿಲ್ಲ. ಅದರ ಬೆವರುಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ನಾಲಗೆ ಹೊರಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆವಿಯಾಗಿಸಿಯೇ ಅದು ದೇಹ ತಂಪಾಗಿಸಿಕೊಳ್ಳಬೇಕು. ಗಾಳಿಯಲ್ಲೇ ತೇವ ತುಂಬಿರುವ ಕರಾವಳಿಯಲ್ಲಿ ಆವಿಯಾಗುವುದು ನಿಧಾನ. ವಿಜಯಪುರದ ಒಣ ಬಿಸಿಲನ್ನು ತಾಳಿದ ನಾಯಿ ಮಲ್ಪೆಯ ಸೆಕೆಗೆ ಸೋಲುವುದು ಇದರಿಂದ. ಕಾಲಡಿಯಲ್ಲಿ ಕಾದ ಬಂಡೆ, ಚೂಪಾದ ಚಿಪ್ಪು. ಬಾಯಾರಿದರೆ ಸುತ್ತಲೂ ನೀರು, ಆದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು. ಕುಡಿದರೆ ವಾಂತಿ, ಭೇದಿ, ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಇನ್ನು ದಡದಲ್ಲಿ ಹಕ್ಕಿಯೊಂದು ಕುಪ್ಪಳಿಸಿದರೆ ಮುಧೋಳ ನಾಯಿ ಹಗ್ಗ ಹಿಡಿದವನನ್ನೂ ಎಳೆದುಕೊಂಡು ಓಡುತ್ತದೆ. ಕರಾವಳಿಯ ಮರಳಿನಲ್ಲಿ ಕಡಲಾಮೆ ಹೂತಿಟ್ಟ ಮೊಟ್ಟೆಗಳನ್ನು ಕೆದಕಿ ತಿನ್ನುವವರಲ್ಲಿ ನಾಯಿಯೇ ಮುಂದು. ಓಡಿಹೋಗಿ ಅಡಗಲು ಬೇರೆ ನೆಲವಿಲ್ಲದ ದ್ವೀಪದಲ್ಲಿ ಗೂಡುಕಟ್ಟುವ ಜೀವಕ್ಕೆ ಒಂದೇ ನಾಯಿ ಸಾಕು.

ಇಷ್ಟು ತೊಡಕನ್ನೂ ನೀರಿನ ಕ್ಯಾನು, ಗಟ್ಟಿ ಹಗ್ಗ, ಬೆಳಗಿನ ಮೊದಲ ದೋಣಿ ಎಂದು ಹೇಗೋ ನೀಗಿಸಬಹುದು; ದೋಣಿಯವರು ಒಪ್ಪಿದರೆ. ಆದರೆ ಯಾರು ಏನು ಮಾಡಿದರೂ ನಾಯಿಗೆ ಪ್ರವೇಶವೇ ಇಲ್ಲದ ದ್ವೀಪಗಳೂ ಇವೆ, ಅವು ದೂರವೇನೂ ಇಲ್ಲ. ಲಕ್ಷದ್ವೀಪ!

ಈ ದ್ವೀಪಗಳು ಕನ್ನಡಿಗರಿಗೆ ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಅಮೀನದೀವಿ ದ್ವೀಪಗಳು 1956ರ ತನಕ ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ತೆಂಗಿನ ನಾರು, ಕೊಬ್ಬರಿ ಹೊತ್ತ ಹಾಯಿದೋಣಿಗಳು ಮಂಗಳೂರಿಗೆ ಬಂದು ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಎಲ್ಲ 36 ದ್ವೀಪಗಳ ನೆಲ ಕೂಡಿಸಿದರೂ 32 ಚದರ ಕಿ.ಮೀ. ಮಾತ್ರ. ಅಲ್ಲಿ ಬೆಕ್ಕುಗಳಿವೆ, ಆಡು, ಕೋಳಿಗಳಿವೆ, ನಾಯಿಗಳಿಲ್ಲ. ನಾಯಿಯನ್ನು ತರುವುದಕ್ಕೆ ಆಡಳಿತದ ನಿಷೇಧವಿದೆ. ಫಲವಾಗಿ ಭಾರತದಲ್ಲಿ ರೇಬಿಸ್, ಅಂದರೆ ಹುಚ್ಚುನಾಯಿ ರೋಗ, ಇಲ್ಲದ ಅತಿ ವಿರಳ ಜಾಗಗಳಲ್ಲಿ ಲಕ್ಷದ್ವೀಪವೂ ಒಂದು.

ಲಸಿಕೆ ಹಾಕಿಸಿದ ಮನೆಯ ನಾಯಿಗೂ ಯಾಕಿಷ್ಟು ಕಟ್ಟುನಿಟ್ಟು ಎಂದು ಪಾಲಕರು ಕೇಳಬಹುದು. ರೋಗಾಣುವಿನ ನಡೆಯಲ್ಲೇ ಉತ್ತರವಿದೆ. ಕಚ್ಚಿದ ಗಾಯದಿಂದ ಒಳಹೊಕ್ಕ ರೇಬಿಸ್ ವೈರಸ್ ನರದ ದಾರಿ ಹಿಡಿದು ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಇದಕ್ಕೆ ವಾರಗಳೇ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಅಲ್ಲಿಯವರೆಗೆ ನಾಯಿ ಬಾಲ ಆಡಿಸುತ್ತ, ಅನ್ನ ತಿನ್ನುತ್ತ ಇರುತ್ತದೆ. ದೋಣಿ ಹತ್ತುವ ದಿನ ಆರೋಗ್ಯವಂತ ನಾಯಿ, ಇಳಿದ ಎರಡು ತಿಂಗಳಿಗೆ ರೋಗಿಯಾದೀತು. ಹೊರಗಣ್ಣಿಗೆ ಭೇದ ತಿಳಿಯದು. ಲಸಿಕೆಯ ಚೀಟಿ ನಿಜವೋ, ಅದು ಸೋಂಕು ತಗಲುವ ಮೊದಲು ಹಾಕಿಸಿದ್ದೋ ಎಂದು ಬಂದರಿನಲ್ಲಿ ಕುಳಿತ ನೌಕರ ಹೇಗೆ ಹೇಳಿಯಾನು?

ಬ್ರಿಟನ್ನು ಇದನ್ನು ಅನುಭವದಿಂದ ಕಲಿತ ದ್ವೀಪ. ನಾಯಿಗಳಿಗೆ ಮುಸುಕುಪಟ್ಟಿ ಕಟ್ಟಿಸಿ, ಹೊರಗಿನಿಂದ ಬಂದವನ್ನು ದಿಗ್ಬಂಧನದಲ್ಲಿಟ್ಟು 1902ರ ಹೊತ್ತಿಗೆ ಅದು ರೋಗವನ್ನು ಅಳಿಸಿತ್ತು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಮಮತೆಯಿಂದ ಕದ್ದು ತಂದ ನಾಯಿಗಳೊಡನೆ 1918ರಲ್ಲಿ ರೋಗ ಮರಳಿತು. ಮತ್ತೆ ತೊಲಗಿಸಲು 1922 ಆಗಬೇಕಾಯಿತು. ಆಮೇಲೆ ಬಹುಕಾಲ ಅಲ್ಲಿಗೆ ಹೋದ ನಾಯಿಗೆ ಆರು ತಿಂಗಳ ಸೆರೆವಾಸ ತಪ್ಪುತ್ತಿರಲಿಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿಯ ಎರಡು ಪುಟ್ಟ ನಾಯಿಗಳು ಖಾಸಗಿ ವಿಮಾನದಲ್ಲಿ ಆಸ್ಟ್ರೇಲಿಯಾಕ್ಕೆ ಬಂದದ್ದು ಅಧಿಕಾರಿಗಳಿಗೆ ತಿಳಿದಿರಲಿಲ್ಲ. ವಿಷಯ ಬಯಲಾದಾಗ ಅಲ್ಲಿನ ಕೃಷಿ ಸಚಿವರು ಅವನ್ನು ವಾಪಸು ಕಳಿಸಿ, ಇಲ್ಲವಾದರೆ ಕೊಲ್ಲಿಸಬೇಕಾಗುತ್ತದೆ ಎಂದರು. ಜಗತ್ತು ನಕ್ಕಿತು. ನಗುವ ವಿಷಯವಾಗಿರಲಿಲ್ಲ.

ನಗಲಾಗದ್ದು ಯಾಕೆಂದು ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದವರನ್ನು ಕೇಳಬೇಕು. 1997ರ ತನಕ ಅಲ್ಲಿ ರೇಬಿಸ್ ಇರಲಿಲ್ಲ. ಆ ವರ್ಷ ಬುಟನ್ ಎಂಬ ಇನ್ನೊಂದು ದ್ವೀಪದಿಂದ ದೋಣಿಯಲ್ಲಿ ಮೂರು ನಾಯಿಗಳು ಬಂದವು. ಮೂರೇ ಮೂರು. ಅವುಗಳಿಂದ ಹಬ್ಬಿದ ರೋಗ ಮುಂದೆ ನೂರಕ್ಕೂ ಹೆಚ್ಚು ಜನರ ಪ್ರಾಣ ತೆಗೆಯಿತು. ಗಾಬರಿಬಿದ್ದ ಸರಕಾರ ಲಕ್ಷಗಟ್ಟಲೆ ನಾಯಿಗಳನ್ನು ಕೊಲ್ಲಿಸಿತು, ರೋಗ ನಿಲ್ಲಲಿಲ್ಲ. ಕೊಂದ ಜಾಗಕ್ಕೆ ಜನ ಬೇರೆಡೆಯಿಂದ ಹೊಸ ನಾಯಿ ತಂದರು, ಸೋಂಕೂ ಜೊತೆಗೇ ಹೋಯಿತು. 2008ರಲ್ಲಿ ಬಾಲಿ ದ್ವೀಪಕ್ಕೂ ರೋಗ ಕಾಲಿಟ್ಟಿತು. ಅಲ್ಲಿಯೂ ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಸಾವು. ಕೊಲ್ಲುವುದರಿಂದ ಏನೂ ಆಗದೆ, 2010ರ ನಂತರ ಇಡೀ ದ್ವೀಪದ ನಾಯಿಗಳಿಗೆ ಲಸಿಕೆ ಹಾಕತೊಡಗಿದ ಮೇಲೆಯೇ ರೋಗ ಇಳಿಮುಖವಾಯಿತು.

ದ್ವೀಪಕ್ಕೆ ನಾಯಿ ಯಾವಾಗಲೂ ಶತ್ರು ಎಂದು ಮಕ್ಕಳು ತಿಳಿಯಬಾರದು. ಆಸ್ಟ್ರೇಲಿಯಾದ ವಾರ್ನಂಬೂಲ್ ಪಟ್ಟಣದ ಎದುರಿಗೆ ಮಿಡ್ಲ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪವಿದೆ. ನೀರಿಳಿದಾಗ ನರಿಗಳು ದಾಟಿ ಹೋಗಿ ಅಲ್ಲಿನ ಕಿರು ಪೆಂಗ್ವಿನ್‌ಗಳನ್ನು ತಿಂದು ಮುಗಿಸುತ್ತ ಬಂದವು. ನೂರಾರು ಇದ್ದದ್ದು 2005ಕ್ಕೆ ಹತ್ತೂ ಉಳಿಯಲಿಲ್ಲ. ಕೋಳಿ ಸಾಕುವ ರೈತನೊಬ್ಬ ತನ್ನ ಕೋಳಿಗಳನ್ನು ಕಾಯುವ ಮರೆಮ್ಮಾ ತಳಿಯ ನಾಯಿಗಳನ್ನೇ ಅಲ್ಲಿಡಿ ಎಂದ. 2006ರಲ್ಲಿ ಹಾಗೆಯೇ ಮಾಡಿದರು. ಕುರಿ ಕಾಯುವ ತಳಿ ಪೆಂಗ್ವಿನ್ ಕಾಯಿತು, ಹಕ್ಕಿಗಳ ಸಂಖ್ಯೆ ಮತ್ತೆ ಏರಿತು. ಆದರೆ ಅವು ಪ್ರವಾಸಕ್ಕೆ ಬಂದ ನಾಯಿಗಳಲ್ಲ, ಕೆಲಸಕ್ಕೆ ತರಬೇತಾದವು.

ಮತ್ತೆ ಭೂತನಾಳಕ್ಕೆ ಬರೋಣ. ಈ ಊರಿನ ಸುತ್ತ ಸಮುದ್ರವಿಲ್ಲ. ಹುಚ್ಚು ಹಿಡಿದ ನಾಯಿ ಯಾವ ದಾರಿಯಿಂದಲೂ ನಡೆದು ಬಂದೀತು. ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದು ಭಾಗ ಭಾರತದಲ್ಲೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಯುವವರಲ್ಲಿ ಮಕ್ಕಳ ಪಾಲು ದೊಡ್ಡದು. ಬಯಲುನಾಡಿನ ಊರಿಗೆ ಸಮುದ್ರದ ಕೆಲಸ ಮಾಡಿಕೊಡಬಲ್ಲದ್ದು ಲಸಿಕೆಯೊಂದೇ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದಿದ್ದರೆ, ಒಂದು ರೋಗಿ ನಾಯಿ ಬಂದರೂ ರೋಗ ಮುಂದೆ ಹರಡಲು ನಾಯಿ ಸಾಲದೆ ಅಲ್ಲಿಯೇ ಆರಿಹೋಗುತ್ತದೆ. ಎಪ್ಪತ್ತರಲ್ಲಿ ಬೀದಿಯ ನಾಯಿಯೂ ಸೇರಬೇಕು, ಕೊರಳಪಟ್ಟಿಯ ನಾಯಿ ಮಾತ್ರವಲ್ಲ.

ಪಾಲಕರಲ್ಲಿ ಹಲವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಭಯ ಇನ್ನೂ ಹೋಗಿಲ್ಲ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ಭಾರತದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನದು ತೋಳಿಗೆ, ನಾಲ್ಕೈದು ಸಲ ಅಷ್ಟೇ. 1885ರ ಜುಲೈ 6ರಂದು ಲೂಯಿ ಪ್ಯಾಸ್ಟರ್ ಮೊದಲ ಲಸಿಕೆ ಹಾಕಿಸಿದ್ದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ. ಅಂದರೆ ನಾಲ್ಕನೇ ಇಯತ್ತೆಯ ಪೋರ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸಾಬೂನಿನಿಂದ ಗಾಯವನ್ನು ಹದಿನೈದು ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಿ ಕೂರಬಾರದು. ಅಪ್ಪ ಬೈಯುತ್ತಾನೆಂದು ಮಕ್ಕಳು ಮುಚ್ಚಿಡುವ ಸಣ್ಣ ಗಾಯವೇ ಎಷ್ಟೋ ಮನೆಗಳಿಗೆ ಮುಳುವಾಗಿದೆ. ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಔಷಧ ಇಂದಿಗೂ ಇಲ್ಲ.

ಮಲ್ಪೆಯ ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಹೋಗುವವರು ಮೇ ತಿಂಗಳೊಳಗೆ ಹೋಗಿಬರುವುದು ಲೇಸು. ನಾಯಿಯನ್ನು ಅದಕ್ಕೆ ಪರಿಚಯವಿರುವ ಪಕ್ಕದ ವಸ್ತಿಯವರಲ್ಲಿ ಬಿಟ್ಟು, ಅದರ ತಾಟು, ಹಗ್ಗ, ಮಲಗುವ ಗೋಣಿಚೀಲದ ಜೊತೆಗೆ ಲಸಿಕೆಯ ಚೀಟಿಯನ್ನೂ ಕೊಟ್ಟು ಹೊರಡಬಹುದು. ಮುಂದಿನ ಚುಚ್ಚುಮದ್ದಿನ ತಾರೀಖು ಸೂಟಿಯೊಳಗೇ ಬೀಳುವಂತಿದ್ದರೆ, ರೈಲು ಹತ್ತುವ ಮೊದಲೇ ಪಶು ಆಸ್ಪತ್ರೆಗೆ ಒಮ್ಮೆ ಹೋಗಿಬಂದರಾಯಿತು.