ಬಳಪದ ಧೂಳು

ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಅಪ್ಪ ಅಮ್ಮಂದಿರಿಗೆ ಬಳಪದ ರುಚಿ ಇನ್ನೂ ಮರೆತಿರಲಾರದು. ಕದ್ದು ತಿಂದು ಏಟು ತಿಂದವರೂ ಇದ್ದಾರೆ. ಆದರೆ ಆ ಕಡ್ಡಿಯನ್ನು ಮಾಡುವವರು ಯಾರೆಂದು ಕೇಳಿದವರು ಕಡಿಮೆ.

ಮಧ್ಯಪ್ರದೇಶದ ಮಂದಸೌರ್ ಈ ಕಸುಬಿಗೆ ಹೆಸರಾದ ಸೀಮೆ. ಪದರುಗಲ್ಲನ್ನು ವಿದ್ಯುತ್ ಗರಗಸಕ್ಕೆ ಕೊಟ್ಟು ಕಡ್ಡಿ ಸೀಳುತ್ತಿದ್ದರು. ಕಲ್ಲಿನಲ್ಲಿದ್ದ ಸಿಲಿಕಾ ಧೂಳಾಗಿ ಎದ್ದು ಕೆಲಸಗಾರರ ಎದೆ ಸೇರುತ್ತಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು 593 ಮಂದಿಯನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಅಂದರೆ ಶೇಕಡ 54.6ರಷ್ಟು ಮಂದಿಗೆ, ಸಿಲಿಕೋಸಿಸ್ ಇತ್ತು. ಶ್ವಾಸಕೋಶ ಗಾಯಗೊಂಡು ಗಡುಸಾಗುವ ಈ ರೋಗವನ್ನು ವಾಸಿಮಾಡುವ ಮದ್ದಿಲ್ಲ. ಈ ಕೆಲಸಗಾರರಿಗೆಂದೇ ಅಲ್ಲಿನ ಸರ್ಕಾರ 1982ರಲ್ಲಿ ಕಲ್ಯಾಣನಿಧಿಯ ಕಾಯ್ದೆ ತಂದಿತ್ತು. ನಿಧಿ ಒಳ್ಳೆಯದೇ, ಆದರೆ ಅದು ಧೂಳನ್ನು ಹಿಡಿಯುವುದಿಲ್ಲ.

ಧೂಳು ಹಿಡಿಯುವ ಯಂತ್ರ ಕೊಳ್ಳಲು ಹೊರಟ ಮಾಲೀಕ ಸಾಮಾನ್ಯವಾಗಿ ಮೊದಲು ಕೇಳುವುದು ಮೋಟಾರು ಎಷ್ಟು ಅಶ್ವಶಕ್ತಿಯದು, ಬೆಲೆ ಎಷ್ಟು ಎಂದು. ಕೇಳಬೇಕಾದ ಪ್ರಶ್ನೆ ಬೇರೆ: ಧೂಳು ಹುಟ್ಟುವ ಜಾಗಕ್ಕೂ ಎಳೆಯುವ ಬಾಯಿಗೂ ಎಷ್ಟು ದೂರ? ದೀಪವನ್ನು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದುಕೊಂಡು ಆರಿಸಲು ಯತ್ನಿಸಿ ನೋಡಿ, ಜ್ವಾಲೆ ಅಲ್ಲಾಡುವುದೂ ಇಲ್ಲ. ಎಳೆಯುವ ಗಾಳಿಯ ಗುಣವೇ ಹಾಗೆ. ಆರಂಗುಲ ಅಗಲದ ಕೊಳವೆಯ ಬಾಯಿಂದ ಆರಂಗುಲ ದೂರ ಸರಿದರೆ ಗಾಳಿಯ ವೇಗ ಹತ್ತರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಗೋಡೆಗೆ ದೊಡ್ಡ ಫ್ಯಾನು ಕೂರಿಸಿ ನಿಶ್ಚಿಂತರಾದವರು ಇದನ್ನು ಗಮನಿಸಿರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮು ಕೂಡ ಧೂಳನ್ನು ಅದು ಏಳುವ ಜಾಗದ ಆದಷ್ಟು ಹತ್ತಿರದಲ್ಲೇ ಹಿಡಿಯಬೇಕು, ಆ ಜಾಗವನ್ನು ಆದಷ್ಟೂ ಮುಚ್ಚಬೇಕು ಎಂದಿತ್ತು. ಗರಗಸಕ್ಕೆ ನೀರು ಬಿಟ್ಟು ಧೂಳೇ ಏಳದಂತೆ ಮಾಡಲು ಸಾಧ್ಯವಿದ್ದರೆ ಅದು ಇನ್ನೂ ಮೇಲು.

ಹಿಡಿದದ್ದನ್ನು ಸೋಸುವುದು ಮುಂದಿನ ಮಾತು. ಸೈಕ್ಲೋನ್ ಎಂಬ ಆಲಿಕೆಯಂಥ ತಗಡಿನ ಪಾತ್ರೆಯಲ್ಲಿ ಗಾಳಿ ಗಿರಗಿರನೆ ಸುತ್ತಿ, ಭಾರದ ಕಣಗಳು ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ. ಅಗ್ಗ, ರಿಪೇರಿಯೂ ಕಡಿಮೆ. ಆದರೆ ಇದು ಮೊರದಲ್ಲಿ ಕೇರಿದ ಹಾಗೆ: ಭಾರದ್ದು ಉಳಿಯುತ್ತದೆ, ಹಗುರವಾದದ್ದು ಹಾರಿಹೋಗುತ್ತದೆ. ಅಕ್ಕಿಯ ವಿಷಯದಲ್ಲಿ ಹಾರಿಹೋದದ್ದು ಹೊಟ್ಟು, ಇಲ್ಲಿ ಅದೇ ವಿಷ. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಶ್ವಾಸಕೋಶದ ಆಳಕ್ಕಿಳಿಯುವ ಕಣ ಐದು ಮೈಕ್ರಾನಿಗಿಂತಲೂ ಸಣ್ಣದು, ಒಂಟಿಯಾಗಿದ್ದರೆ ಕಣ್ಣಿಗೆ ಬೀಳದು. ಡ್ರಮ್ಮಿನಲ್ಲಿ ಬಿದ್ದ ರಾಶಿ ನೋಡಿ ಮಾಲೀಕ ಹಿಗ್ಗುತ್ತಾನೆ. ರಾಶಿಗೆ ಸಿಕ್ಕದ್ದು ಮತ್ತೆ ಶೆಡ್ಡಿನೊಳಗೇ ಬಂದರೆ ಕೆಲಸಗಾರನ ಪಾಲಿಗೆ ಯಂತ್ರ ಇದ್ದೂ ಇಲ್ಲದಂತೆ. ಸೈಕ್ಲೋನಿನ ಮುಂದೆ ಬಟ್ಟೆಯ ಚೀಲಗಳ ಸೋಸುಕ ಬೇಕು. ಅದನ್ನು ಕಾಲಕಾಲಕ್ಕೆ ಕೊಡವಬೇಕು, ಹರಿದರೆ ಬದಲಿಸಬೇಕು. ಈ ಖರ್ಚು ಕೊಟೇಷನ್ನಿನಲ್ಲಿ ಕಾಣುವುದಿಲ್ಲ.

ಧೂಳುಗಳಲ್ಲೂ ಜಾತಿಯುಂಟು. ಕಲ್ಲಿನ ಧೂಳು ಉರಿಯದು. ಸಕ್ಕರೆ, ಹಿಟ್ಟು, ಮರದ ಪುಡಿ ಗಾಳಿಯಲ್ಲಿ ಹರಡಿದ್ದಾಗ ಕಿಡಿ ತಗುಲಿದರೆ ಸಿಡಿಯುತ್ತವೆ. ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ 2008ರ ಫೆಬ್ರುವರಿಯಲ್ಲಿ ಹೀಗೆ 14 ಮಂದಿ ಸತ್ತರು. ಒಬ್ಬರಿಗೆ ಒಪ್ಪಿದ ಯಂತ್ರವನ್ನು ಇನ್ನೊಬ್ಬರು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ.

ಯಂತ್ರ ಕೂರಿಸಿದ ಮೇಲೆ, ಕೊನೆಯ ಕಂತು ಕೊಡುವ ಮುನ್ನ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಹಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ಮಕ್ಕಳೆಲ್ಲ ಕಂಡಿರುತ್ತಾರೆ. ಶೆಡ್ಡನ್ನು ಕತ್ತಲು ಮಾಡಿ, ಓಡುತ್ತಿರುವ ಗರಗಸದ ಹಿಂದಿನಿಂದ ಅಂಥದೇ ಪ್ರಖರ ಬೆಳಕಿನ ಕೋಲೊಂದನ್ನು ಹಾಯಿಸಿ, ಪಕ್ಕಕ್ಕೆ ನಿಂತು ನೋಡಬೇಕು. ಆಗ ಹೊಗೆಯಂಥ ಧೂಳು ಕೊಳವೆಯ ಬಾಯಿಗೆ ಹೋಗುತ್ತಿದೆಯೋ, ಗರಗಸದ ಮುಂದೆ ಕೂತವನ ಮೂಗಿಗೆ ಹೋಗುತ್ತಿದೆಯೋ ಕಾಣುತ್ತದೆ.