ಕಟ್ಟಿ ಕೆಳಗಿನ ಗೂಡು

ಇವತ್ತ ವಳಸಂಗದಾಗ ಪರಿಚಯದವರ ಹಿತ್ತಲದಾಗ ಹೊಸ ಅಡಗಿ ಕಟ್ಟಿ ನೋಡಿದೆ. ಬ್ಯಾಸಗ್ಯಾಗ ಒಳಗ ಕುಂತು ಜ್ವಾಳದ ರೊಟ್ಟಿ ಬಡಿಯೂದು ಆಗವಲ್ದು ಅಂತ ಗ್ಯಾಸ್ ಒಲಿ ಹೊರಗ ತಂದು, ಇಟ್ಟಂಗಿ ಕಟ್ಟಿ, ಮ್ಯಾಲ ಕರೀ ಕಡಪಾ ಕಲ್ಲು ಹಾಸ್ಯಾರ. ಒಲಿ ಬಾಜೂಕ ಪರಾತ ಇಡಾಕ ಜಾಗಾ, ಗಾಳಿಗೆ ಉರಿ ಆರಬಾರದಂತ ಪಡುವಣಕ್ಕ ಒಂದು ಗಿಡ್ಡ ಗ್ವಾಡಿ. ಭಾಳ ಛಲೋ ಆಗ್ಯದ.

ಆದ್ರ ಸಿಲಿಂಡರ್ ಇಟ್ಟಿದ್ದು ಕಟ್ಟಿ ಕೆಳಗ, ಬಾಗಲಾ ಹಾಕಿದ ಗೂಡಿನ್ಯಾಗ. ಅಡಗಿ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ರ ಮ್ಯಾಲ ಏರೂದಿಲ್ಲ, ತಳದಾಗ ತುಂಬಿ ನಿಂದರತದ. ಆಮ್ಯಾಲ ಒಂದು ಕಿಡಿ ಸಾಕು. ಗೂಡಿನ ನೆಲಮಟ್ಟಕ್ಕ ಎರಡೂ ಕಡೆ ಜಾಳಿ ಬಿಟ್ಟರ ಅದು ಹೊರಗ ಹೋಗತದ. ರಬ್ಬರ್ ಪೈಪ್ ಗ್ವಾಡ್ಯಾಗ ಹುದುಗಿಸಬ್ಯಾಡ್ರಿ, ಕಣ್ಣಿಗೆ ಕಾಣಬೇಕು. 5 ವರ್ಷಕ್ಕ ಒಮ್ಮೆ ಬದಲಿಸಲೇಬೇಕು.

ಕಲ್ಲು ಆರಿಸಾಕ ಎಷ್ಟು ಅಂಗಡಿ ತಿರಗತೀವಿ! ಜಾಳಿ ಬಗ್ಗೆ ಗೌಂಡಿಗೆ ಒಂದು ಮಾತು ಹೇಳೂದು ಮಾತ್ರ ಮರೀತೀವಿ. ನಿಮ್ಮ ಮನ್ಯಾಗ ಸಿಲಿಂಡರ್ ಎಲ್ಲಿಟ್ಟೀರಿ? ಗೂಡಿಗೆ ಜಾಳಿ ಅದನ? ಒಮ್ಮೆ ಬಗ್ಗಿ ನೋಡಿ ಹೇಳ್ರಿ.